ರೇಡಾರ್ ಹಿಮನದಿಯನ್ನು ನೋಡಿತೇ?

ಪ್ರಿಯರೇ,

‘ಕಪ್ಪು ಕಾಡಿನ ಕಳೆದುಹೋದ ಹಿಮ’ ಎಂಬ ನಿಮ್ಮ ಲೇಖನ ತಲುಪಿದೆ. ಜರ್ಮನಿಯಲ್ಲಿ ಓದುತ್ತಾ, ಶ್ವಾರ್ಟ್ಸ್‌ವಾಲ್ಡ್ (ಅದೇ ಕಪ್ಪು ಕಾಡು) ಬೆಟ್ಟಗಳಲ್ಲಿ ಸಮೀಕ್ಷೆಯ ತಂಡದೊಂದಿಗೆ ಅಲೆದು, ಆ ಅನುಭವವನ್ನು ಕನ್ನಡದಲ್ಲಿ ಬರೆಯಬೇಕೆಂದು ನಿಮಗೆ ಅನಿಸಿದ್ದು ಸಂತೋಷ. ‘ನಮ್ಮ ಮುಳ್ಳಯ್ಯನಗಿರಿಗಿಂತ ನಾನೂರು ಮೀಟರಿಗೂ ಹೆಚ್ಚು ಕುಳ್ಳಗಿರುವ ಬೆಟ್ಟದಿಂದ ಒಂದು ಕಾಲಕ್ಕೆ ಹಿಮ ಹರಿದು ಇಳಿಯುತ್ತಿತ್ತು’ ಎಂಬ ಮೊದಲ ವಾಕ್ಯ ಚೆನ್ನಾಗಿದೆ. ಆ ಬೆಟ್ಟ, ಫೆಲ್ಡ್‌ಬರ್ಗ್, 1,493 ಮೀಟರ್, ಲೆಕ್ಕವೂ ಸರಿ. ಹೊಗಳಿಕೆ ಇಲ್ಲಿಗೆ ಸಾಕು.

ಎರಡನೆಯ ಪುಟಕ್ಕೆ ಬಂದಾಗ ಕಾಫಿ ಲೋಟ ಕೆಳಗಿಟ್ಟೆ. ‘ರೇಡಾರ್ ಸಮೀಕ್ಷೆಯಿಂದ ಹಿಮನದಿಯ ಇರುವಿಕೆಯು ದೃಢಪಡಿಸಲ್ಪಟ್ಟಿತು.’ ಪೆನ್ಸಿಲ್ ಹಿಡಿದು ಎಣಿಸಿದೆ. ಲೇಖನದಲ್ಲಿ ‘ಲ್ಪಟ್ಟಿತು’ 31 ಸಲ ಬಂದಿದೆ. ಈ ಪ್ರಯೋಗದ ಮೇಲೆ ನನಗೆ ಸ್ವಂತ ಹಗೆತನವೇನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಿವಿಗೆ ಒರಟಾಗಿದ್ದರೆ ನಾನೇ ಉಜ್ಜಿ ನಯ ಮಾಡಿಕೊಳ್ಳುತ್ತಿದ್ದೆ. ನಿಮ್ಮ ಊಹೆಗಳೆಲ್ಲ ಆ ‘ಲ್ಪಟ್ಟಿತು’ವಿನ ಹಿಂದೆ ಅವಿತು ಕುಳಿತಿರುವುದು ನನ್ನ ಸಿಟ್ಟಿಗೆ ಕಾರಣ.

ಯಾರು ದೃಢಪಡಿಸಿದರು? ಆ ಹಿಮ ಕರಗಿ ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳಾಗಿವೆ. ರೇಡಾರ್ ನೆಲದೊಳಕ್ಕೆ ಒಂದು ಅಲೆ ಕಳಿಸಿತು. ಒದ್ದೆ ಹೋಗಿ ಒಣಗಿದ್ದು ಬರುವ, ಮಣ್ಣು ಮುಗಿದು ಬಂಡೆ ಶುರುವಾಗುವ ಗಡಿಯಿಂದ ಅದು ಮರಳಿ ಬಂದ ಹೊತ್ತನ್ನು ಬರೆದುಕೊಂಡಿತು. ಅದರ ಕೆಲಸ ಅಷ್ಟೇ. ಆ ಗಡಿ ಹಿಮನದಿ ತಂದು ಸುರಿದ ದಿಬ್ಬದ ಬುಡ ಎಂದವರು ನೀವು. ಹೇಳಿ, ತಪ್ಪಿಲ್ಲ. ಆದರೆ ನೀವೇ ಹೇಳಿ.

ಮುಂದಿನ ಸಾಲು ಇನ್ನೂ ಕೆಟ್ಟದು. ಫೆಲ್ಡ್‌ಸೇ ಕೆರೆಯ ಹತ್ತಿರದ ಜೌಗಿನ ಬಗ್ಗೆ ಬರೆಯುತ್ತಾ, ‘ಪೀಟ್ ಪದರದ ಆಳ 10 ಮೀಟರ್ ಎಂದು ಅಳೆಯಲ್ಪಟ್ಟಿತು’ ಎನ್ನುತ್ತೀರಿ. ಆಳವನ್ನು ಯಾರೂ ಅಳೆಯಲಿಲ್ಲ, ಅಳೆದದ್ದು ಸಮಯವನ್ನು. ಚಿತ್ರದ ಅಂಚಿನಲ್ಲಿ ನೀವೇ 200 ನ್ಯಾನೊಸೆಕೆಂಡು ಎಂದು ಗುರುತು ಹಾಕಿದ್ದೀರಿ. ಅದು ಹೋಗಿ ಬರುವ ಹೊತ್ತು, ಇಳಿಯುವುದಕ್ಕೆ 100. ಆಳ 10 ಮೀಟರ್ ಆಗಬೇಕಾದರೆ ಅಲೆ ನ್ಯಾನೊಸೆಕೆಂಡಿಗೆ 10 ಸೆಂಟಿಮೀಟರ್ ಓಡಬೇಕು. ಒಣ ಜಲ್ಲಿಯಲ್ಲಾದರೆ ಓಡೀತು. ಕೊಳೆತ ಪಾಚಿ ನೀರು ಕುಡಿದು ಉಬ್ಬಿರುವ ಪೀಟ್‌ನಲ್ಲಿ ಅದರ ವೇಗ ಸುಮಾರು 4 ಸೆಂಟಿಮೀಟರಿಗೆ ಇಳಿಯುತ್ತದೆ. ನಿಮ್ಮ 10 ಮೀಟರ್ ಅಲ್ಲಿಗೆ 4 ಮೀಟರ್ ಆಯಿತು. ಯಾವ ವೇಗ ಹಿಡಿದು ಲೆಕ್ಕ ಹಾಕಿದಿರಿ ಎಂದು ಒಂದು ಮಾತು ಬರೆದಿದ್ದರೆ, ಬರೆಯುವ ಕೈಗೇ ತಪ್ಪು ಗೊತ್ತಾಗುತ್ತಿತ್ತು. ಉದ್ದನೆಯ ಕಂಬಿಯೊಂದನ್ನು ಜೌಗಿಗೆ ಚುಚ್ಚಿ ನೋಡಿದ್ದರೂ ಆಗುತ್ತಿತ್ತು.

ಮೂರನೆಯದು: ‘ಹೆಚ್ಚಿನ ರೋಧಶೀಲತೆಯ ವಲಯವು ಮೊರೇನ್ ಎಂದು ಗುರುತಿಸಲ್ಪಟ್ಟಿತು.’ ರೋಧಶೀಲತೆ ಎಂದರೆ ಕರೆಂಟನ್ನು ತಡೆಯುವ ಗುಣ, ಮೊರೇನ್ ಎಂದರೆ ಹಿಮನದಿ ತಂದು ಸುರಿದ ಆ ದಿಬ್ಬ ಎಂದು ಓದುಗರಿಗೆ ನೀವೇ ಹೇಳಬೇಕಿತ್ತು. ಇದನ್ನು ಓದಿದಾಗ ನನಗೆ ಕೋಲಾರದ ಕಡೆಯ ಒಂದು ಹೊಲ ನೆನಪಾಯಿತು.

ಆಗ ನಾನು ವಾರಪತ್ರಿಕೆಯೊಂದಕ್ಕೆ ಹೊಸಬ. ಬೋರ್‌ವೆಲ್‌ಗೆ ಪಾಯಿಂಟ್ ಗುರುತಿಸುವುದನ್ನು ನೋಡಿ ಬರೆಯಲು ಕಳಿಸಿದ್ದರು. ನೆಲಕ್ಕೆ ಸಾಲಾಗಿ ನಾಲ್ಕು ಸಲಾಕೆ ಹೊಡೆದು, ಹೊರಗಿನ ಎರಡರಲ್ಲಿ ಕರೆಂಟು ಹಾಯಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜು ಓದುತ್ತಿದ್ದರು. ಸಲಾಕೆಗಳು ದೂರ ಸರಿದಷ್ಟೂ ಇನ್ನಷ್ಟು ಆಳದ ಸುದ್ದಿ. ಏಪ್ರಿಲ್ ಬಿಸಿಲಿಗೆ ನೆಲ ಹೆಂಚಾಗಿತ್ತು. ಹುಡುಗನೊಬ್ಬ ಚೊಂಬಿನಲ್ಲಿ ಉಪ್ಪುನೀರು ಹಿಡಿದು ಸಲಾಕೆಯ ಹಿಂದೆಯೇ ಓಡುತ್ತಿದ್ದ, ಬುಡಕ್ಕೆ ಹೊಯ್ಯಲು. ನಾನು ಬಂದು ‘ಯಂತ್ರ ನೀರು ತೋರಿಸಿತು’ ಎಂದು ಬರೆದೆ. ನಮ್ಮ ಹಿರಿಯ ಉಪಸಂಪಾದಕರು ಆ ಸಾಲಿನ ಕೆಳಗೆ ಗೆರೆ ಎಳೆದು, ‘ಎಷ್ಟು ಕೊಡ?’ ಎಂದು ಕೇಳಿದರು. ಕೊರೆದ ಮೇಲೆ ಬರೆ ಎಂದು ಹಾಳೆಯನ್ನು ಡ್ರಾಯರಿಗೆ ಹಾಕಿದರು. ಕೊರೆದಾಗ ಬಂದದ್ದು ಜೇಡಿಮಣ್ಣು. ಜೇಡಿಯೂ ಕರೆಂಟನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಸಲಾಕೆಗೆ ಅದೂ ನೀರೂ ಒಂದೇ. ರೈತ ಲುಂಗಿಯ ಗಂಟು ಬಿಚ್ಚಿ, ಅಡಿಗೆ ಇಷ್ಟೆಂದು ಎಣಿಸಿ ಕೊಡುತ್ತಿದ್ದಾಗ ನಾನು ಬೇರೆ ಕಡೆ ನೋಡುತ್ತಾ ನಿಂತಿದ್ದೆ.

ನಿಮ್ಮದು ಇದರ ತಿರುವುಮುರುವು. ನಿಮಗೆ ಕರೆಂಟು ಹಾಯದ ಜಾಗ ಸಿಕ್ಕಿದೆ. ಸಂದಿಯಲ್ಲಿ ಗಾಳಿ ತುಂಬಿಕೊಂಡ ಗುಂಡುಕಲ್ಲಿನ ಮೊರೇನ್ ಕರೆಂಟು ಬಿಡುವುದಿಲ್ಲ, ನಿಜ. ಗುಡ್ಡ ಕುಸಿದು ಬಿದ್ದ ಕಲ್ಲುರಾಶಿಯೂ ಬಿಡುವುದಿಲ್ಲ. ನೈಸ್ ಎಂಬ ಜಾತಿಯ ಬಿರುಕಿಲ್ಲದ ಗಟ್ಟಿ ಬಂಡೆಯೂ ಬಿಡುವುದಿಲ್ಲ. ಸುತ್ತಿಗೆಯಿಂದ ಲೋಹದ ತಟ್ಟೆ ಬಡಿದು ಕಂಪನದ ವೇಗ ಅಳೆದಿದ್ದರೆ ಬಂಡೆಯನ್ನು ಬೇರೆ ಮಾಡಬಹುದಿತ್ತು. ಗಟ್ಟಿ ಬಂಡೆಯಲ್ಲಿ ಅದು ಸೆಕೆಂಡಿಗೆ ಸುಮಾರು 5,000 ಮೀಟರ್, ಸಡಿಲ ಒಣ ರಾಶಿಯಲ್ಲಿ ಕೆಲವು ನೂರು. ಕುಸಿತವೋ ಮೊರೇನೋ ಎಂಬುದು ಆಗಲೂ ಉಳಿಯುತ್ತದೆ. ಆಲ್ಪ್ಸ್‌ನಲ್ಲಾದರೆ ಕಣಿವೆಗೆ ಅಡ್ಡಲಾಗಿ ಕೋಟೆಗೋಡೆಯಂತಹ ದಿಬ್ಬಗಳಿವೆ, ಕುರುಡನಿಗೂ ಕಾಣುತ್ತವೆ. ನೀವು ನಡೆದದ್ದು ಕಿರುಬೆಟ್ಟಗಳಲ್ಲಿ. ಅಲ್ಲಿ ಎಷ್ಟೋ ದಿಬ್ಬಗಳು ಆಳೆತ್ತರವೂ ಇಲ್ಲ, ಮೇಲೆ ಫರ್ ಕಾಡು, ಇಳಿಜಾರಿನಿಂದ ಜಾರಿ ಬಂದ ಮಣ್ಣಿನ ಹೊದಿಕೆ. ಅದಕ್ಕೇ ಅಲ್ಲವೇ ಯಂತ್ರ ಹೊತ್ತು ಹೋದದ್ದು? ದಿಬ್ಬ ಕಣಿವೆಗೆ ಅಡ್ಡವಾಗಿ ಬಿಲ್ಲಿನಂತೆ ಬಾಗಿತ್ತೇ? ಗುಂಡಿ ತೋಡಿದಾಗ ದೊಡ್ಡ ಬಂಡೆಯಿಂದ ಹಿಟ್ಟಿನಂತಹ ಮಣ್ಣಿನವರೆಗೆ ಎಲ್ಲವೂ ಕಲಸಿಕೊಂಡಿತ್ತೇ? ಉಜ್ಜಿ ಗೀರು ಬಿದ್ದ ಕಲ್ಲು ಒಂದಾದರೂ ಸಿಕ್ಕಿತೇ? ಇವುಗಳಿಗೆ ಉತ್ತರ ಬೇಕು.

ಹವಾಮಾನದ ಭಾಗ, ಕೊನೆಯ ಎರಡು ಪುಟ, ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು.

ಆದರೆ ಆರನೆಯ ಪುಟದಲ್ಲಿ ಒಂದು ಸಾಲಿದೆ, ಅದನ್ನು ಮೂರು ಸಲ ಓದಿದೆ: ‘ಬಂಡೆಗಳ ನಡುವೆ ಸಲಾಕೆ ಇಳಿಯದ ಕಾರಣ ಉಪ್ಪುನೀರಿನ ಸ್ಪಂಜುಗಳು ಬಳಸಲ್ಪಟ್ಟವು.’ ಲೇಖನ ಇಲ್ಲಿಂದ ಶುರುವಾಗಲಿ. ಸ್ಪಂಜನ್ನು ಅದ್ದಿ ಸಂದಿಗೆ ತುರುಕಿದವರು ಯಾರು? ಕೈ ಮರಗಟ್ಟಿತ್ತೇ? ಉಪ್ಪು ಎಲ್ಲಿಂದ ತಂದಿರಿ?