ಮಡಿಕೇರಿ ಸುತ್ತ ಸೈಕಲ್ ತುಳಿಯಲು ಯಾವ ರಸ್ತೆ ಚೆನ್ನಾಗಿದೆ?

ಡಿಸೆಂಬರ್‌ನಲ್ಲಿ ಮೂರು ದಿನ ಮಡಿಕೇರಿಯಲ್ಲಿ ಉಳಿಯುತ್ತೀರಿ, ರೋಡ್ ಬೈಕ್ (ತೆಳು ಟೈರಿನ ಸೈಕಲ್) ಕಾರಿನ ಮೇಲೆ ಕಟ್ಟಿಕೊಂಡು ಬರುತ್ತೀರಿ, ಹಳೆಯ ಕೋಟೆ ಊರಿನ ಸುತ್ತ ದಿನಕ್ಕೆ 60–80 ಕಿ.ಮೀ. ತುಳಿಯಬೇಕು, ಲಾರಿ-ಬಸ್ಸು ಕಡಿಮೆ ಇರುವ ರಸ್ತೆ ಬೇಕು, ಇತಿಹಾಸದ ಜಾಗವೂ ಸಿಗಬೇಕು, ಸುಂಟಿಕೊಪ್ಪ–ಚೆಟ್ಟಳ್ಳಿ ಸುತ್ತು ಹೇಗೆ, ಮುಂದೆ 50-34 ಹಲ್ಲಿನ ಚಕ್ರಗಳ ಜೊತೆ ಹಿಂದೆ 11-28 ಹಲ್ಲಿನ ಗೇರ್ ಸಾಕಾ ಅಂತ ಕೇಳಿದ್ದೀರಿ. ನಾನು ಇದೇ ಊರಿನವನು, ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಸೈಕಲ್ ತುಳಿಯುವವನು. ಈ ರಸ್ತೆಗಳ ಮೇಲೆ ನನಗೆ ತುಂಬಾ ಪ್ರೀತಿ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಬಹುದು.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಮಡಿಕೇರಿ ಇರುವುದು ಗುಡ್ಡದ ತಲೆಯ ಮೇಲೆ, ಸುಮಾರು 1150 ಮೀಟರ್ ಎತ್ತರದಲ್ಲಿ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಇವತ್ತಿಗೂ ನೀವು ಯಾವ ದಿಕ್ಕಿಗೆ ಹೊರಟರೂ ಮೊದಲು ಸಿಗುವುದು ಇಳಿಜಾರು. ಕುಶಾಲನಗರದ ಕಡೆ ಹೋದರೆ 30 ಕಿ.ಮೀ.ನಲ್ಲಿ 300 ಮೀಟರ್‌ಗಿಂತ ಜಾಸ್ತಿ ಇಳಿಯುತ್ತೀರಿ. ಸಂಪಾಜೆ ಕಡೆ ಹೋದರೆ ಹತ್ತಿರ ಹತ್ತಿರ ಸಾವಿರ ಮೀಟರ್. ಬೆಂಗಳೂರಿನವರು ನಂದಿ ಬೆಟ್ಟದ ಲೆಕ್ಕದಲ್ಲಿ ಬರುತ್ತಾರೆ: ಮೊದಲು ಹತ್ತು, ಆಮೇಲೆ ಆರಾಮಾಗಿ ಇಳಿ. ಇಲ್ಲಿ ಅದು ಉಲ್ಟಾ. ಬೆಳಿಗ್ಗೆ ಚಳಿಯಲ್ಲಿ ಸುಮ್ನೆ ಜಾರಿಕೊಂಡು ಹೋಗುತ್ತೀರಿ, ಕಾಲಲ್ಲಿ ಇನ್ನೂ ಬೇಕಾದಷ್ಟು ಶಕ್ತಿ ಇದೆ ಅನಿಸುತ್ತದೆ, ದೂರ ಹೋಗಿಬಿಡುತ್ತೀರಿ. ಮನೆಗೆ ಬರುವ ಏರು ಮಧ್ಯಾಹ್ನದ ಬಿಸಿಲಲ್ಲಿ ಕಾದು ಕೂತಿರುತ್ತದೆ. ಅದಕ್ಕೇ ನಾನು ರಸ್ತೆ ಆರಿಸುವುದು ಹೋಗುವ ದಾರಿ ನೋಡಿ ಅಲ್ಲ, ಕೊನೆಯ 15 ಕಿ.ಮೀ. ನೋಡಿ.

ಆ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಭಾಗಮಂಡಲ–ನಾಪೋಕ್ಲು ಸುತ್ತು. ಒಟ್ಟು ಸುಮಾರು 80 ಕಿ.ಮೀ. ಮಂಗಳೂರು ರಸ್ತೆಯಲ್ಲಿ ತಾಳತ್ತಮನೆವರೆಗೆ ಇಳಿದು ಎಡಕ್ಕೆ ತಿರುಗಿಕೊಳ್ಳಿ. ಅಲ್ಲಿಂದ ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ದಾಟಿ ಭಾಗಮಂಡಲ. ಹೆದ್ದಾರಿ ಬಿಟ್ಟ ಐದೇ ನಿಮಿಷಕ್ಕೆ ಸದ್ದು ಅಡಗುತ್ತದೆ. ರಸ್ತೆ ಒಂದೇ ಸಮ ಇಳಿಯುವುದಿಲ್ಲ. ಸ್ವಲ್ಪ ಏರು, ಸ್ವಲ್ಪ ಇಳಿತ, ಮತ್ತೆ ಒಂದು ತಿರುವು. ಎರಡೂ ಕಡೆ ಕಾಫಿ ತೋಟ, ಮೇಲೆ ಸಿಲ್ವರ್ ಓಕ್, ಮರಕ್ಕೆ ಹಬ್ಬಿದ ಕರಿಮೆಣಸು. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲಿನ ಕಾಲ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುವ ತೋಟದ ಹತ್ತಿರ ಹುಳಿಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಕಣದಲ್ಲಿ ಹರಡಿದ ಕಾಫಿಯನ್ನು ಹೆಂಗಸರು ಕಾಲಿನಲ್ಲೇ ಸಾಲು ಎಳೆದು ತಿರುವುತ್ತಿರುತ್ತಾರೆ.

ಇದೇ ಕಾಲದಲ್ಲಿ ತೋಟದ ಗೇಟಿನ ಎದುರು ರಸ್ತೆಯನ್ನೂ ನೋಡಿಕೊಳ್ಳಿ. ಟ್ರ್ಯಾಕ್ಟರ್, ಪಿಕಪ್ ಟೈರಿಗೆ ಮೆತ್ತಿದ ಕೆಂಪು ಮಣ್ಣು ಟಾರಿನ ಮೇಲೆ ಬೀಳುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ಬೆಳಿಗ್ಗೆ ಅದು ಸಾಬೂನಿನ ಹಾಗೆ ಜಾರುತ್ತದೆ. ಮರದ ನೆರಳಿರುವ ತಿರುವಿನಲ್ಲಿ ಹತ್ತು ಗಂಟೆಯಾದರೂ ಒಣಗಿರುವುದಿಲ್ಲ. ತಿರುವಿಗೆ ಬರುವ ಮೊದಲೇ ಬ್ರೇಕ್ ಹಿಡಿದು ಮುಗಿಸಿ. ಬಾಗಿದ ಮೇಲೆ ಹಿಡಿಯಬೇಡಿ.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮ. ಮಳೆಗಾಲದಲ್ಲಿ ರಸ್ತೆಯೇ ಮುಳುಗುತ್ತಿತ್ತು, ಈಗ ಮೇಲ್ಸೇತುವೆ ಕಟ್ಟಿದ್ದಾರೆ. ಇಲ್ಲಿ ತಿಂಡಿ ಮುಗಿಸಿಕೊಳ್ಳಿ, ಬಾಟಲಿಗೆ ನೀರು ತುಂಬಿಸಿಕೊಳ್ಳಿ. ಅಲ್ಲಿಂದ ಅಯ್ಯಂಗೇರಿ ಮೇಲೆ ನಾಪೋಕ್ಲುವಿಗೆ ಸುಮಾರು 20 ಕಿ.ಮೀ. ನನಗೆ ಇಡೀ ಕೊಡಗಿನಲ್ಲೇ ಇಷ್ಟವಾದ ರಸ್ತೆ ಇದು. ಬೆಟ್ಟ ಸ್ವಲ್ಪ ದೂರ ಸರಿದು ಗದ್ದೆ ಬಯಲು ತೆರೆದುಕೊಳ್ಳುತ್ತದೆ. ನೀವು ಬರುವ ಹೊತ್ತಿಗೆ ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಆಸುಪಾಸು. ಕೆಲವು ಗದ್ದೆ ಹೊಂಬಣ್ಣಕ್ಕೆ ತಿರುಗಿರುತ್ತದೆ, ಕೆಲವು ಕೊಯ್ದು ಬರೀ ಕೂಳೆ ಉಳಿದಿರುತ್ತದೆ. ಗದ್ದೆಯ ಆಚೆ ಬದಿಯಲ್ಲಿ, ಸ್ವಲ್ಪ ಎತ್ತರದಲ್ಲಿ, ಹಳೆಯ ಐನ್‌ಮನೆಗಳು (ಕೊಡವ ಕುಟುಂಬಗಳ ಮೂಲಮನೆಗಳು) ಕಾಣುತ್ತವೆ. ಈ ದಾರಿಯಲ್ಲಿ ವೇಗದ ಲೆಕ್ಕ ಮರೆತುಬಿಡಿ.

ನಾಪೋಕ್ಲುವಿನಿಂದ ಮೂರ್ನಾಡು, ಮೂರ್ನಾಡಿನಿಂದ ಮೇಕೇರಿ ಮೇಲೆ ಮಡಿಕೇರಿ. ಮಳೆಗಾಲದಲ್ಲಾದರೆ ನಾಪೋಕ್ಲು–ಮೂರ್ನಾಡು ನಡುವೆ ಬೊಳಿಬಾಣೆಯಲ್ಲಿ ಕಾವೇರಿ ನೀರು ರಸ್ತೆಗೇ ಬರುತ್ತದೆ. ಡಿಸೆಂಬರ್‌ನಲ್ಲಿ ಆ ಚಿಂತೆ ಇಲ್ಲ. ಮೂರ್ನಾಡಿನಿಂದ ಮಡಿಕೇರಿಗೆ ಸುಮಾರು 15 ಕಿ.ಮೀ., ನಾನು ಹೇಳಿದ ಆ ಕೊನೆಯ ಏರು ಇದೇ. ಬಹುಪಾಲು ಹದವಾಗಿದೆ. ಮೇಕೇರಿ ದಾಟಿದ ಮೇಲಿನ ತಿರುವುಗಳಲ್ಲಿ ಮಾತ್ರ ಉಸಿರು ಕಟ್ಟುತ್ತದೆ. ವಿರಾಜಪೇಟೆಯ ಬಸ್ಸುಗಳು ಇದೇ ದಾರಿಯಲ್ಲಿ ಬರುತ್ತವೆ, ಎಡಕ್ಕೆ ಸರಿದುಕೊಂಡೇ ಹತ್ತಿ. ಮೂರ್ನಾಡಿನಲ್ಲಿ ನಿಂತು ಏನಾದರೂ ಹೊಟ್ಟೆಗೆ ಹಾಕಿಕೊಳ್ಳದೆ ಇದನ್ನು ಶುರು ಮಾಡಬೇಡಿ.

ತಲಕಾವೇರಿಯನ್ನು ಇದೇ ದಿನಕ್ಕೆ ಸೇರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಭಾಗಮಂಡಲದಿಂದ ಮೇಲಕ್ಕೆ 8 ಕಿ.ಮೀ., ಅದರಲ್ಲಿ ಸುಮಾರು 400 ಮೀಟರ್ ಏರು. ಸರಾಸರಿ ಶೇ. 5 ಅಂದರೆ ದೊಡ್ಡದಲ್ಲ ಅನಿಸಬಹುದು. ಆದರೆ ಹೋಗಿ ಬಂದು 16 ಕಿ.ಮೀ. ಸೇರಿದ ಮೇಲೆ ಮೇಕೇರಿ ಏರು ಇನ್ನೂ ಬಾಕಿ ಇರುತ್ತದೆ. ನಿಮ್ಮ ಹತ್ತಿರ ಕಾರಿದೆ ಅಲ್ವಾ? ಎರಡನೇ ದಿನ ಕಾರನ್ನು ನಾಪೋಕ್ಲುವಿನಲ್ಲಿ ನಿಲ್ಲಿಸಿ, ಅಲ್ಲಿಂದ ಭಾಗಮಂಡಲ, ತಲಕಾವೇರಿ ಹತ್ತಿ ಅದೇ ದಾರಿಯಲ್ಲಿ ವಾಪಸ್ ಬನ್ನಿ. 55 ಕಿ.ಮೀ. ಚಿಲ್ಲರೆ ಆಗುತ್ತದೆ. ಏರು ಮಧ್ಯದಲ್ಲೇ ಮುಗಿಯುತ್ತದೆ, ಕೊನೆಗೆ ಗದ್ದೆ ಬಯಲಿನ ಆರಾಮದ ರಸ್ತೆ. 1276 ಮೀಟರ್ ಎತ್ತರದಲ್ಲಿ ನಿಂತು ಬ್ರಹ್ಮಗಿರಿ ಸಾಲು ನೋಡುವಾಗ ಕಾಲು ನಡುಗುತ್ತಿರಬಾರದು, ನೆಮ್ಮದಿಯಾಗಿ ನೋಡಬೇಕು. 2020ರ ಆಗಸ್ಟ್‌ನಲ್ಲಿ ಇದೇ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು, ಜೀವಗಳು ಹೋದವು. ಅಲ್ಲಿ ದಯವಿಟ್ಟು ಸೈಕಲ್ ಎತ್ತಿ ಹಿಡಿದು ಫೋಟೋ ತೆಗೆಯುವುದು, ಕೂಗಾಡುವುದು ಬೇಡ. ಅದು ನಮಗೆ ಕಾವೇರಮ್ಮನ ಜಾಗ.

ಇತಿಹಾಸ ಅಂದಿರಲ್ಲ, ಅದಕ್ಕೆ ನಾಪೋಕ್ಲುವಿನಿಂದಲೇ ಇನ್ನೊಂದು ದಾರಿ ಇದೆ: ಕಕ್ಕಬ್ಬೆ ಮೇಲೆ ನಾಲ್ಕುನಾಡು ಅರಮನೆ. ದೊಡ್ಡ ವೀರರಾಜೇಂದ್ರ 1792ರ ಹೊತ್ತಿಗೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ಕಕ್ಕಬ್ಬೆವರೆಗೆ ರಸ್ತೆ ಚೆನ್ನಾಗಿದೆ, ಆಮೇಲೆ ಕಿರಿದು ಮತ್ತು ಕಡಿದು. ಅರಮನೆಯಿಂದ ಮೇಲಕ್ಕೆ ಚಾರಣದ ದಾರಿ, ರೋಡ್ ಬೈಕಿಗಲ್ಲ.

ಮೂರನೇ ದಿನಕ್ಕೆ ಚಿಕ್ಕದು ಬೇಕಾದರೆ ಗಾಳಿಬೀಡು ಕಡೆ ಹೋಗಿ ಬನ್ನಿ, ಸುಮಾರು 20 ಕಿ.ಮೀ. ಬೆಳಗಿನ ಮಂಜು ನೋಡಲು ಅದೇ ಸಾಕು. ಅಬ್ಬಿ ಜಲಪಾತದ ರಸ್ತೆ ಜೀಪುಗಳಿಂದ ತುಂಬಿರುತ್ತದೆ, ಮಾಂದಲ್‌ಪಟ್ಟಿ ದಾರಿಗೆ ತೆಳು ಟೈರ್ ತಡೆಯುವುದಿಲ್ಲ. ಎರಡನ್ನೂ ಬಿಡಿ. ಸಂಪಾಜೆ ಘಾಟಿ ಹತ್ತುವ ಆಸೆ ಇದ್ದರೆ ಕೆಳಗಿನಿಂದ ಶುರು ಮಾಡಿ, ಅದೂ ಬೆಳಕು ಹರಿದ ತಕ್ಷಣ. ಮಂಗಳೂರು ಲಾರಿಗಳ ನಡುವೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ.

ನೀವೇ ಹೆಸರಿಸಿದ ಸುಂಟಿಕೊಪ್ಪ–ಚೆಟ್ಟಳ್ಳಿ ಸುತ್ತಿನ ಬಗ್ಗೆ. ಮ್ಯಾಪಿನಲ್ಲಿ ನೋಡಿದರೆ 40 ಕಿ.ಮೀ.ನ ಮುದ್ದಾದ ಸುತ್ತು, ನಿಜ. ಚೆಟ್ಟಳ್ಳಿಯಿಂದ ಕತ್ತಲೆಕಾಡು ಮೇಲೆ ಮಡಿಕೇರಿಗೆ ಹತ್ತುವ ರಸ್ತೆ ನನಗೂ ಇಷ್ಟ. ಆದರೆ ಆ ಭಾಗ ಆನೆ ಓಡಾಡುವ ಜಾಗ. ಭತ್ತ ಕೊಯ್ಲಿನ ಕಾಲದಲ್ಲಿ ಇನ್ನೂ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಮೊದಲು ಆ ಕಡೆ ಬೇಡ, ಸಂಜೆ ನಾಲ್ಕೂವರೆ ಮೇಲಂತೂ ಬೇಡವೇ ಬೇಡ. ಸೈಕಲ್‌ಗೆ ಸದ್ದಿಲ್ಲ, ತಿರುವಿನಲ್ಲಿ ಆನೆಗೂ ನಿಮಗೂ ಒಂದೇ ಸಲ ಗೊತ್ತಾಗುತ್ತದೆ. ರಸ್ತೆ ಮೇಲೆ ಲದ್ದಿ ಕಂಡರೆ ನಿಂತು ನೋಡಿ. ಮೇಲ್ಭಾಗ ಒಣಗಿ ನಾರು ಬಿಟ್ಟುಕೊಂಡಿದ್ದರೆ ಹಳೆಯದು. ಹಸಿರಾಗಿ, ಒದ್ದೆಯಾಗಿ, ಹಬೆ ಬರುತ್ತಿದ್ದರೆ ಆನೆ ದೂರ ಹೋಗಿಲ್ಲ. ಆಗ ತಾನೇ ಸೀಳಿ ಹಾಕಿದ ಬೈನೆ ಮರ, ಮುರಿದ ಬೇಲಿ ಕಂಡರೂ ಹಾಗೇ. ತಿರುಗಿಸಿಕೊಂಡು ಬನ್ನಿ, ಇಲ್ಲವೇ ಒಂದು ಜೀಪೋ ಬಸ್ಸೋ ಬರುವವರೆಗೆ ಕಾಯಿರಿ. ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಹತ್ತಿರ ಕೆಲಸದವರು ಕಂಡರೆ, "ಅಣ್ಣ, ಆನೆ ಇದ್ಯಾ ಈ ಕಡೆ?" ಅಂತ ಕೇಳಿ. ಅವರಿಗೆ ಖಂಡಿತ ಗೊತ್ತಿರುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೊಡಗಿನ ಯಾವ ರಸ್ತೆಯಲ್ಲೂ ತುಳಿಯಬೇಡಿ.

ದಿನ ಆರಿಸುವಾಗ ವಾರದ ನಡುವೆ ಬನ್ನಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಡಿಕೇರಿಯೊಳಗೆ ಕಾಲಿಡಲು ಜಾಗ ಇರುವುದಿಲ್ಲ, ಆ ವಾರ ಬಿಟ್ಟುಬಿಡಿ.

ಗೇರ್ ವಿಷಯ. ಸಾಮಾನು ಹೇರದ ಸೈಕಲ್‌ಗೆ 11-28ರಲ್ಲಿ ಹತ್ತಬಹುದು. ಆದರೆ ಮೇಕೇರಿ ಏರು ಬರುವುದು 65 ಕಿ.ಮೀ. ಆದ ಮೇಲೆ. 11-32 ಅಥವಾ 11-34 ಹಾಕಿಸಿಕೊಳ್ಳಿ, ನಿಮ್ಮ ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಅದನ್ನು ಎಳೆಯುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಟೈರ್ 28 ಮಿ.ಮೀ. ಇರಲಿ, 25ರಲ್ಲಿ ನಮ್ಮ ಪ್ಯಾಚ್ ಹಾಕಿದ ರಸ್ತೆ ಕೈ ನೋಯಿಸುತ್ತದೆ. ಬ್ರೇಕ್ ಪ್ಯಾಡ್ ಹೊಸದು ಹಾಕಿಸಿಕೊಂಡೇ ಹೊರಡಿ. ಟ್ಯೂಬ್, ಪಂಪ್ ಜೊತೆಯಲ್ಲಿರಲಿ, ಯಾಕೆಂದರೆ ಚೇರಂಬಾಣೆಯಲ್ಲೋ ಅಯ್ಯಂಗೇರಿಯಲ್ಲೋ ರೋಡ್ ಬೈಕಿನ ಸಪೂರ ಪ್ರೆಸ್ಟಾ ವಾಲ್ವ್‌ನ ಟ್ಯೂಬ್ ಸಿಗುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಲೈಟ್ ಹಗಲಲ್ಲೂ ಹೊತ್ತಿಸಿಡಿ. ಮಂಜಿನಲ್ಲಿ ಬರುವ ಬಸ್ ಡ್ರೈವರ್‌ಗೆ ಮೊದಲು ಕಾಣುವುದು ಅದೇ.