ಮೀನು ತರುವ ಮೊದಲು ಅದರ ಬಾಯಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ‘ನನ್ನ ಟ್ಯಾಂಕಿಗೆ ಇನ್ನೂ ಯಾವ ಮೀನು ಹಾಕಬಹುದು?’ ಟ್ಯಾಂಕ್ ಎಷ್ಟು ದೊಡ್ಡದು, ಒಳಗೆ ಈಗ ಯಾರಿದ್ದಾರೆ, ನೀರು ಎಲ್ಲಿಯದು, ಈ ಮೂರನ್ನೂ ಹೆಚ್ಚಿನವರು ಬರೆದೇ ಇಲ್ಲ. ‘ಬೇಗ ಹೇಳಿ ಸಾರ್, ಅಂಗಡಿಯಲ್ಲೇ ನಿಂತಿದ್ದೇನೆ’ ಅಂತ ಕೇಳಿದವರೂ ಇದ್ದಾರೆ. ಅವರಿಗೆ ನನ್ನ ಉತ್ತರ: ಬರಿಗೈಲಿ ಮನೆಗೆ ಹೋಗಿ.

ಫಿಲ್ಟರ್ ಯಾಕೆ ಬೇಕು, ನೀರು ಯಾಕೆ ಬದಲಾಯಿಸಬೇಕು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಟ್ಯಾಂಕ್ ಇಟ್ಟಿದ್ದರೆ ಹೊಸ ಮೀನಿನ ಮಾತೇ ಬೇಡ. ಪೂರ್ತಿ ವಿವರ ಬರೆದವರು ಒಬ್ಬರೇ. ಅವರ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಉಳಿದವರು ನಿಮ್ಮ ಉತ್ತರವನ್ನೂ ಇದರಲ್ಲೇ ಹುಡುಕಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಎಂಟು ತಿಂಗಳಾಯಿತು. ಎರಡು ಏಂಜಲ್, ನಾಲ್ಕು ಗಪ್ಪಿ, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಒಂದು ಇವೆ. ನಿಯಾನ್ ಟೆಟ್ರಾ ಹತ್ತು ತಂದಿದ್ದೆ, ಈಗ ಆರೇ ಉಳಿದಿವೆ. ಸತ್ತ ಮೀನು ಒಂದೂ ಕಾಣಿಸಲಿಲ್ಲ. ಟ್ಯಾಂಕ್ ಖಾಲಿ ಖಾಲಿ ಅನ್ನಿಸುತ್ತಿದೆ. ಅಂಗಡಿಯವರು ನಾಲ್ಕು ಟೈಗರ್ ಬಾರ್ಬ್ ತಗೊಳ್ಳಿ ಅನ್ನುತ್ತಿದ್ದಾರೆ. ಹಾಕಬಹುದಾ?

ಉತ್ತರ: ಬೇಡ. ಯಾಕೆ ಅಂತ ಹೇಳುವ ಮೊದಲು ಆ ನಾಲ್ಕು ನಿಯಾನ್ ಎಲ್ಲಿ ಹೋದವು ಅಂತ ನೋಡೋಣ. ಅವು ನಿಮ್ಮ ಏಂಜಲ್‌ಗಳ ಹೊಟ್ಟೆಗೆ ಹೋಗಿವೆ.

ಏಂಜಲ್ ತರುವಾಗ ಎರಡು ರೂಪಾಯಿ ನಾಣ್ಯದಷ್ಟಿರುತ್ತದೆ. ನೋಡಲು ಸಾಧು. ಎಂಟು ತಿಂಗಳಲ್ಲಿ ಅಂಗೈ ಅಗಲ ಆಗುತ್ತದೆ, ಬಾಯಿಯೂ ಅದರ ಜತೆ ಬೆಳೆಯುತ್ತದೆ. ನಿಯಾನ್ ಬೆಳೆದರೂ ಮೂರು, ಮೂರೂವರೆ ಸೆಂಟಿಮೀಟರ್, ಬೆರಳಿಗಿಂತ ಸಣ್ಣ. ಎರಡೂ ಅಮೆಜಾನ್ ಕಡೆಯವೇ. ಅಲ್ಲಿ ಏಂಜಲ್ ಹೊಟ್ಟೆ ಹೊರೆಯುವುದೇ ಇಂಥ ಸಣ್ಣ ಮೀನು, ಹುಳುಗಳನ್ನು ತಿಂದು. ‘ಒಂದೇ ನದಿಯವು, ಹೊಂದಿಕೊಳ್ಳುತ್ತವೆ’ ಅಂತ ನಿಮಗೆ ಯಾರೋ ಹೇಳಿರುತ್ತಾರೆ. ಹುಲಿ ಜಿಂಕೆ ಎರಡೂ ಬಂಡೀಪುರದವೇ, ಅಲ್ವಾ?

ನೀವು ನೋಡುವ ಹೊತ್ತಿನಲ್ಲಿ ಇದು ನಡೆಯುವುದಿಲ್ಲ. ದೀಪ ಆರಿಸಿದ ಮೇಲೆ ನಿಯಾನ್ ತನ್ನ ನೀಲಿ ಗೆರೆ ಮಸುಕು ಮಾಡಿಕೊಂಡು ಗಿಡದ ಪಕ್ಕ ಅಲುಗಾಡದೆ ನಿಲ್ಲುತ್ತದೆ. ಏಂಜಲ್ ಬೆಳಗಿನ ಜಾವದ ಮಂದ ಬೆಳಕಿನಲ್ಲಿ ಬರುತ್ತದೆ. ನಾಳೆ ಆರು ಗಂಟೆಗೇ ಎದ್ದು, ದೀಪ ಹಾಕದೆ ಟ್ಯಾಂಕಿನ ಮುಂದೆ ಕುಳಿತುಕೊಳ್ಳಿ. ಯಾವ ದಿನ ಏಂಜಲ್ ಹೊಟ್ಟೆ ಒಂದು ಬದಿಗೆ ಉಬ್ಬಿಕೊಂಡು, ಬೆಳಗಿನ ತಿಂಡಿಗೆ ಮೇಲೆ ಬರದೆ ಸುಮ್ನೆ ನಿಂತಿರುತ್ತದೋ, ಆ ದಿನ ನಿಯಾನ್ ಎಣಿಸಿ. ಐದಿರುತ್ತವೆ.

ಆದ್ದರಿಂದ ಹೊಂದಾಣಿಕೆಯ ಮೊದಲ ಲೆಕ್ಕ ಬಾಯಿ. ಬಾಯಿಗೆ ಹಿಡಿಸುವುದೆಲ್ಲ ಊಟ. ಅಂಗಡಿಯಲ್ಲಿ ಕಾಣುವ ಅಳತೆ ಲೆಕ್ಕಕ್ಕಿಲ್ಲ, ಪೂರ್ತಿ ಬೆಳೆದಾಗಿನ ಅಳತೆ ಕೇಳಿ. ‘ಟ್ಯಾಂಕ್ ನೋಡಿಕೊಂಡು ಬೆಳೆಯುತ್ತೆ ಸಾರ್’ ಅಂತ ಅಂದವನ ಹತ್ತಿರ ಮತ್ತೆ ಹೋಗಬೇಡಿ. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗಿ ಮೀನು ಬೇಗ ಸಾಯುತ್ತದೆ. ಅದನ್ನೇ ಇವರು ಹೊಂದಿಕೊಳ್ಳುವುದು ಅನ್ನುತ್ತಾರೆ.

ಈಗ ಟೈಗರ್ ಬಾರ್ಬ್. ಏಂಜಲ್‌ನ ಎದೆಯ ಕೆಳಗೆ ಇಳಿಬಿದ್ದ ಎರಡು ಉದ್ದ ಎಳೆಗಳಿವೆ ನೋಡಿ, ಟೈಗರ್ ಬಾರ್ಬಿಗೆ ಅದು ಶ್ಯಾವಿಗೆ. ಗಪ್ಪಿಯ ಬಾಲವೂ ಅಷ್ಟೇ. ಅದರಲ್ಲೂ ನಾಲ್ಕೇ ನಾಲ್ಕು ತಂದರೆ ಇನ್ನೂ ಕೆಟ್ಟದು. ಎಂಟು ಹತ್ತರ ಗುಂಪಿದ್ದರೆ ತಮ್ಮತಮ್ಮಲ್ಲೇ ಕಿತ್ತಾಡಿಕೊಂಡು ಬೇರೆಯವರನ್ನು ಸ್ವಲ್ಪ ಬಿಟ್ಟಿರುತ್ತವೆ. ನಾಲ್ಕಿದ್ದರೆ ಮಾಡಲು ಬೇರೆ ಕೆಲಸವಿಲ್ಲ, ಪಕ್ಕದವರ ರೆಕ್ಕೆ ಕಡಿಯುತ್ತವೆ. ‘ಮರಿಯಿಂದ ಒಟ್ಟಿಗೆ ಬೆಳೆದರೆ ಏನೂ ಮಾಡಲ್ಲ’ ಅನ್ನುವ ಮಾತನ್ನು ನಾನೂ ಕೇಳಿದ್ದೇನೆ. ರೆಕ್ಕೆ ಹರಿದು ದಾರ ದಾರವಾದ ಏಂಜಲ್‌ಗಳನ್ನೂ ನೋಡಿದ್ದೇನೆ. ಬ್ಲ್ಯಾಕ್ ಸ್ಕರ್ಟ್ ಟೆಟ್ರಾ, ಸರ್ಪೆ ಟೆಟ್ರಾ ಕೂಡ ಇದೇ ಜಾತಿಯ ತುಂಟರು.

ನಿಮ್ಮ ಟ್ಯಾಂಕಿನ ಅಳತೆಗೆ ಸುಮಾರು 127 ಲೀಟರ್ ಆಗುತ್ತದೆ. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೂರರಿಂದ ನೂರಹತ್ತು. ಎರಡು ದೊಡ್ಡ ಏಂಜಲ್, ಒಂದು ಸಕ್ಕರ್ ಇರುವಾಗ ಅದು ಖಾಲಿ ಅಲ್ಲ. ನಿಮ್ಮ ಕಣ್ಣಿಗೆ ಖಾಲಿ, ಫಿಲ್ಟರಿಗಲ್ಲ. ಸಕ್ಕರ್ ಒಂದೂವರೆ ಅಡಿವರೆಗೆ ಬೆಳೆಯುತ್ತದೆ. ನಿಮ್ಮ ಟ್ಯಾಂಕ್ ಒಂದಡಿ ಅಗಲ. ಅದು ತಿರುಗುವುದು ಹೇಗೆ?

ನಿಮಗೆ ಎರಡು ದಾರಿಗಳಿವೆ. ಎರಡನ್ನೂ ಬೆರೆಸಬೇಡಿ.

ಏಂಜಲ್ ಇಷ್ಟವಾದರೆ ಅದಕ್ಕೇ ಟ್ಯಾಂಕ್ ಬಿಟ್ಟುಕೊಡಿ. ನಿಯಾನ್, ಗಪ್ಪಿ ಎರಡನ್ನೂ ಬೇರೆ ಯಾರಿಗಾದರೂ ಕೊಡಿ. ಸಕ್ಕರನ್ನು ಅಂಗಡಿಗೆ ವಾಪಸ್ ಮಾಡಿ. ತಳಕ್ಕೆ ಆರು ಕೋರಿಡೋರಸ್ (ಕೋರಿ ಅನ್ನುವ ಸಣ್ಣ ಮೀಸೆ ಮೀನು) ತನ್ನಿ. ಅವುಗಳ ಬೆನ್ನು ಮತ್ತು ಪಕ್ಕದ ರೆಕ್ಕೆಗಳಲ್ಲಿ ಮುಳ್ಳಿದೆ, ಏಂಜಲ್ ಸುಲಭವಾಗಿ ಬಾಯಿ ಹಾಕುವುದಿಲ್ಲ. ಆದರೆ ಬಣ್ಣಬಣ್ಣದ ಚೂಪು ಕಲ್ಲು ಹಾಸಿದ್ದರೆ ತೆಗೆದು ನಯವಾದ ಮರಳು ಹಾಕಿ. ಕೋರಿ ಮೂತಿಯನ್ನು ಮರಳಿಗೆ ತೂರಿಸಿ ತಿನ್ನುವ ಮೀನು, ಚೂಪು ಕಲ್ಲಿನಲ್ಲಿ ಅದರ ಮೀಸೆ ಸವೆದು ಹೋಗುತ್ತದೆ. ಅಲ್ಲಿಗೆ ಸಾಕು. ನಿಮ್ಮ ಏಂಜಲ್‌ಗಳು ಜೋಡಿಯಾಗಿ ಮೊಟ್ಟೆ ಇಟ್ಟರೆ ಅರ್ಧ ಟ್ಯಾಂಕ್ ತಮ್ಮದು ಅಂತ ಕಾಯಲು ಶುರು ಮಾಡುತ್ತವೆ. ಆಗ ಜಾಗ ಕಮ್ಮಿಯಾಯಿತು ಅಂತ ನನಗೆ ಬರೆಯಬೇಡಿ.

ಸಣ್ಣ ಮೀನಿನ ಗುಂಪು ಇಷ್ಟವಾದರೆ ಏಂಜಲ್‌ಗಳನ್ನು ಕೊಟ್ಟುಬಿಡಿ. ನಿಯಾನ್ ಹನ್ನೆರಡಕ್ಕೆ ಏರಿಸಿ, ಕೆಳಗೆ ಆರು ಕೋರಿ, ಮೇಲೆ ಒಂದು ಜೋಡಿ ಹನಿ ಗುರಾಮಿ. ಹನಿ ಗುರಾಮಿ ನಮ್ಮ ದೇಶದ್ದೇ ಮೀನು, ಈಶಾನ್ಯದ ಕಡೆಯದು, ಜಗಳಗಂಟ ಅಲ್ಲ. ನನ್ನನ್ನು ಕೇಳಿದರೆ ನಾನು ಇದನ್ನೇ ಆರಿಸುತ್ತೇನೆ.

ಗಪ್ಪಿ ಯಾಕೆ ಬಿಟ್ಟೆ ಅಂತ ಕೇಳುತ್ತೀರಿ. ನೀರಿನ ಕಾರಣಕ್ಕೆ. ಗಪ್ಪಿ, ಮಾಲಿ, ಪ್ಲಾಟಿಗೆ ಗಡಸು ನೀರು ಒಗ್ಗುತ್ತದೆ. ನಿಯಾನ್‌ಗೆ ಮೆದು ನೀರು. ನಲ್ಲಿ ಬಾಯಲ್ಲಿ, ಗೀಸರಿನಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತಿದ್ದರೆ, ಸಾಬೂನು ನೊರೆ ಬರದಿದ್ದರೆ ನಿಮ್ಮದು ಬೋರ್‌ವೆಲ್ ನೀರು. ಹಾಗಿದ್ದರೆ ನಿಯಾನ್ ಆಸೆ ಬಿಡಿ, ಗಪ್ಪಿ ಪ್ಲಾಟಿ ಇಟ್ಟುಕೊಂಡು ನೆಮ್ಮದಿಯಾಗಿರಿ. ಕಾವೇರಿ ನೀರಾದರೆ ನಿಯಾನ್ ಆದೀತು. ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಮಾತು: ಚಳಿಗಾಲದಲ್ಲಿ ಕಾವೇರಿ, ಮಾರ್ಚ್ ಬಂತೆಂದರೆ ಟ್ಯಾಂಕರ್. ಸಂಪಿನಲ್ಲಿ ನೀರು ಬದಲಾದದ್ದು ನಿಮಗೆ ಗೊತ್ತೇ ಆಗುವುದಿಲ್ಲ, ಮೀನಿಗೆ ಗೊತ್ತಾಗುತ್ತದೆ. ಹೊಸ ಮೀನು ತರುವ ವಾರ ಸೆಕ್ಯೂರಿಟಿಯವರನ್ನು ಕೇಳಿ, ಯಾವ ನೀರು ಬಿಡುತ್ತಿದ್ದಾರೆ ಅಂತ.

ಇನ್ನು ತರುವ ರೀತಿ. ನಮ್ಮ ಅಂಗಡಿಗಳಿಗೆ ಬಹಳಷ್ಟು ಮೀನು ಚೆನ್ನೈನ ಕೊಳತ್ತೂರಿನಿಂದಲೋ ಕೋಲ್ಕತ್ತದಿಂದಲೋ ಪಾಕೀಟಿನಲ್ಲಿ ಬರುತ್ತದೆ. ಲೋಡ್ ಬಂದ ದಿನವೇ ಮೀನು ಕೊಳ್ಳಬೇಡಿ. ಒಂದು ವಾರ ಬಿಟ್ಟು ಹೋಗಿ, ಉಳಿದದ್ದರಲ್ಲಿ ಆರಿಸಿ. ಎದುರಿಗೆ ತಿಂಡಿ ಹಾಕಿಸಿ ನೋಡಿ. ರೆಕ್ಕೆ ಮುದುಡಿಕೊಂಡಿದ್ದರೆ, ಕಲ್ಲಿಗೆ ಮೈ ಉಜ್ಜುತ್ತಿದ್ದರೆ, ಅದೇ ತೊಟ್ಟಿಯ ಮೂಲೆಯಲ್ಲಿ ಸತ್ತದ್ದೊಂದು ಬಿದ್ದಿದ್ದರೆ ಹೊರಡಿ. ಹಲವು ಅಂಗಡಿಗಳಲ್ಲಿ ಎಲ್ಲ ತೊಟ್ಟಿಗೂ ಒಂದೇ ಬಲೆ.

ಕ್ವಾರಂಟೈನ್ ಅಂದರೇನು ಅಂತ ಕೊರೊನಾ ಆದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. ಒಂದು ಭಾನುವಾರ ಎಂಟು ರಮ್ಮಿನೋಸ್ ಟೆಟ್ರಾ ತಂದೆ. ಚೆನ್ನಾಗಿ ಕಂಡವು, ಗೊತ್ತಿದ್ದ ಅಂಗಡಿ, ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಮೂರನೇ ದಿನ ಒಂದರ ಬಾಲದ ಮೇಲೆ ರವೆ ಉದುರಿಸಿದ ಹಾಗೆ ನಾಲ್ಕು ಬಿಳಿ ಚುಕ್ಕೆ. ಐದನೇ ದಿನ ಎಲ್ಲದರ ಮೈ ಮೇಲೂ. ಆ ಟ್ಯಾಂಕಿನಲ್ಲಿ ಹನ್ನೊಂದು ವರ್ಷದಿಂದ ಸಾಕಿದ ಕ್ಲೌನ್ ಲೋಚ್ ಒಂದಿತ್ತು. ನಾನು ತಿಂಡಿ ಡಬ್ಬಿ ಅಲ್ಲಾಡಿಸಿದರೆ ಟ್ಯಾಂಕಿನೊಳಗಿನ ಮರದ ತುಂಡಿನ ಅಡಿಯಿಂದ ಹೊರಗೆ ಬರುತ್ತಿತ್ತು. ಬಿಳಿಚುಕ್ಕೆ ರೋಗಕ್ಕೆ ಲೋಚ್‌ಗಳು ಬೇಗ ಸಿಕ್ಕಿಬೀಳುತ್ತವೆ. ಎಂಟನೇ ದಿನ ಅದು ಹೋಯಿತು. ನಲವತ್ತು ರೂಪಾಯಿ ಮೀನು ತಂದು ಅದನ್ನು ಕಳೆದುಕೊಂಡೆ. ಬುದ್ಧಿ ಹೇಳುವಾಗ ನನ್ನ ದನಿ ಜೋರಾಗುವುದು ಅದಕ್ಕೇ.

ಆ ಬಿಳಿ ಚುಕ್ಕೆಯ ಒಳಗೆ ಪರೋಪಜೀವಿ ಚರ್ಮದಡಿ ಕೂತಿರುತ್ತದೆ, ಅಲ್ಲಿಗೆ ಔಷಧಿ ತಾಗುವುದಿಲ್ಲ. ಬಲಿತ ಮೇಲೆ ಉದುರಿ ತಳಕ್ಕೆ ಅಂಟಿಕೊಂಡು ನೂರಾರು ಮರಿಯಾಗಿ ಒಡೆಯುತ್ತದೆ. ಆ ಮರಿಗಳು ಇನ್ನೊಂದು ಮೀನು ಹುಡುಕಿಕೊಂಡು ಈಜುವಾಗ ಮಾತ್ರ ಔಷಧಿ ಕೆಲಸ ಮಾಡುತ್ತದೆ. ಬೆಚ್ಚಗಿನ ನೀರಿನಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ, ಚಳಿಯಲ್ಲಿ ಎಳೆಯುತ್ತದೆ. ಅದಕ್ಕೇ ಹೊಸ ಮೀನನ್ನು ನಾಲ್ಕು ವಾರ ಬೇರೆ ಇಡಿ ಅನ್ನುವುದು. ಮೂರು ಸಾಕು ಅನ್ನುವವರಿದ್ದಾರೆ. ಲೋಚ್ ಸತ್ತ ಮೇಲೆ ನಾನು ನಾಲ್ಕರವನು. ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಟಬ್, ಹಳೇ ಟ್ಯಾಂಕಿನಲ್ಲಿ ತಿಂಗಳು ಓಡಿಸಿದ ಸ್ಪಾಂಜ್ ಫಿಲ್ಟರ್, ಅಡಗಿಕೊಳ್ಳಲು ಒಂದು ತುಂಡು ಪೈಪು, ಬೇರೆ ಬಲೆ. ಮೇಲೆ ಮುಚ್ಚಳ. ಅಂಗಡಿಯವರು ಕೊಡುವ ನೀಲಿ ಔಷಧಿಯನ್ನು ‘ಇರಲಿ ಅಂತ’ ಮೊದಲ ದಿನವೇ ಸುರಿಯಬೇಡಿ. ರೋಗ ಇಲ್ಲದ ಮೀನಿಗೆ ಔಷಧಿ ಯಾಕೆ? ಫಿಲ್ಟರಿನಲ್ಲಿ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಕ್ಕೂ ಹೊಡೆತ.

ನಾಲ್ಕು ವಾರ ಆದ ಮೇಲೆ ಕೋರಿ ಆರನ್ನೂ ಒಟ್ಟಿಗೆ ಬಿಡಿ. ಮುಂದಿನ ಗುಂಪು ಇನ್ನೊಂದು ತಿಂಗಳ ನಂತರ.

ಪ್ರಶ್ನೆ: ಒಂದು ಲೀಟರಿಗೆ ಒಂದು ಸೆಂಟಿಮೀಟರ್ ಮೀನು ಅನ್ನುವ ಲೆಕ್ಕ ಸರಿಯೇ?

ಉತ್ತರ: ಮೂವತ್ತು ಸೆಂಟಿಮೀಟರಿನ ಆಸ್ಕರ್ ಒಂದನ್ನು ಮೂವತ್ತು ಲೀಟರಿನಲ್ಲಿ ಇಟ್ಟು ನೋಡಿ. ಬೇಡ, ನೋಡಬೇಡಿ.

ಪ್ರಶ್ನೆ: ವಾಸ್ತು ಪ್ರಕಾರ ಅರೋವಾನ ತರಬೇಕೆಂದು ಒಬ್ಬರು ಹೇಳಿದ್ದಾರೆ. ಈಗಿರುವ ಗೋಲ್ಡ್ ಫಿಶ್ ಜತೆ ಇಡಬಹುದೇ? ಅರೋವಾನ ಸತ್ತರೆ ಮನೆಯ ಕಂಟಕ ತಗೊಂಡು ಹೋಗುತ್ತದಂತೆ.

ಉತ್ತರ: ಗೋಲ್ಡ್ ಫಿಶ್ ಅದಕ್ಕೆ ತಿಂಡಿ. ಅರೋವಾನ ಸಾಯುವುದು ಮೀನಿನ ಗಲೀಜಿನಿಂದ ನೀರಿನಲ್ಲಿ ಸೇರುವ ಅಮೋನಿಯಾದಿಂದ. ಹೇಳಿದವರಿಗೆ ದಕ್ಷಿಣೆ ಕೊಟ್ಟಾಗಿದ್ದರೆ ವಾಪಸ್ ಕೇಳಿ.

ಪ್ರಶ್ನೆ: ಮಗನಿಗೆ ಮೂರಿಂಚಿನ ‘ಶಾರ್ಕ್’ ಎರಡು ಕೊಡಿಸಿದೆ. ಎರಡಡಿ ಟ್ಯಾಂಕಿನಲ್ಲಿ ಇನ್ನೇನು ಹಾಕಲಿ?

ಉತ್ತರ: ಅದು ಶಾರ್ಕ್ ಅಲ್ಲ, ಪಂಗಾಸಿಯಸ್. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರುವುದು ಇದೇ ಕುಟುಂಬದ ಮೀನು. ಮೀಟರಿಗಿಂತ ಉದ್ದ ಬೆಳೆಯಬಲ್ಲದು. ಇನ್ನೇನೂ ಹಾಕಬೇಡಿ, ಅದನ್ನೂ ವಾಪಸ್ ಕೊಡಿ.

ಪ್ರಶ್ನೆ: ಗುಲಾಬಿ, ಹಸಿರು ಬಣ್ಣದ ಪಾರದರ್ಶಕ ಮೀನು ಚೆನ್ನಾಗಿದೆ. ಯಾವುದರ ಜತೆ ಇಡಬಹುದು?

ಉತ್ತರ: ಅದು ನಮ್ಮದೇ ಹೊಳೆ ಕೆರೆಗಳ ಗ್ಲಾಸ್ ಫಿಶ್. ಬಣ್ಣ ಸೂಜಿಯಿಂದ ಚುಚ್ಚಿದ್ದು. ಕೊಳ್ಳಬೇಡಿ.

ಪ್ರಶ್ನೆ: ಸುಳ್ಯ ಕಡೆಯವನು. ಮಿಸ್ ಕೇರಳ ಮೀನು ನಮ್ಮ ಕಡೆಯ ಹೊಳೆಯಲ್ಲೂ ಇದೆ ಅಂತಾರೆ. ಹಿಡಿದು ಕಮ್ಯುನಿಟಿ ಟ್ಯಾಂಕಿಗೆ (ಹಲವು ಜಾತಿ ಮೀನು ಒಟ್ಟಿಗಿರುವ ಟ್ಯಾಂಕ್) ಹಾಕಬಹುದಾ?

ಉತ್ತರ: ಹಿಡಿಯಬೇಡಿ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ, ಕೇರಳದಲ್ಲೂ ನಮ್ಮ ದಕ್ಷಿಣದ ಅಂಚಿನಲ್ಲೂ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನದು. 1865ರಲ್ಲಿ ಮೀನು ವಿಜ್ಞಾನಿ ಫ್ರಾನ್ಸಿಸ್ ಡೇ ಇದನ್ನು ವಿವರಿಸಿ, ಆಗಿನ ಮದ್ರಾಸ್ ಗವರ್ನರ್ ಡೆನಿಸನ್‌ನ ಹೆಸರನ್ನು ಇದಕ್ಕಿಟ್ಟ. ಅಕ್ವೇರಿಯಂ ಪೇಟೆಗಾಗಿ ಹಿಡಿದು ಹಿಡಿದು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದೇವೆ. ಸಾಕಲೇಬೇಕೆಂದರೆ ಫಾರ್ಮಿನಲ್ಲಿ ಮರಿ ಮಾಡಿಸಿದ್ದು ಕೊಳ್ಳಿ. ಆರಾದರೂ ಬೇಕು, ಐದಡಿ ಟ್ಯಾಂಕ್ ಬೇಕು, ಹೊಳೆಯ ಹಾಗೆ ನೀರು ರಭಸವಾಗಿ ತಿರುಗುತ್ತಿರಬೇಕು. ಏಂಜಲ್, ಗುರಾಮಿ ಆ ರಭಸದಲ್ಲಿ ನಿಲ್ಲಲಾರವು. ಜತೆಗೆ ಮೆಲನ್ ಬಾರ್ಬ್ ಹಾಕಬಹುದು, ಅದೂ ಘಟ್ಟದ್ದೇ. ಅಷ್ಟು ಜಾಗ ಇಲ್ಲದಿದ್ದರೆ ನೀವು ಸುಳ್ಯದವರು, ನಿಮಗೆ ಟ್ಯಾಂಕ್ ಯಾಕೆ? ಮಳೆ ನಿಂತು ನೀರು ತಿಳಿಯಾದ ಮೇಲೆ ಹೊಳೆಯ ಬಂಡೆ ಮೇಲೆ ಕುಳಿತು ನೋಡಿ.

ಪ್ರಶ್ನೆ: ದೊಡ್ಡದಾದ ಸಕ್ಕರನ್ನು ಅಂಗಡಿಯವರು ತಗೊಳ್ಳುತ್ತಿಲ್ಲ. ಪಕ್ಕದ ಕೆರೆಗೆ ಬಿಡಲಾ?

ಉತ್ತರ: ಖಂಡಿತ ಬೇಡ. ದೇಶದ ಎಷ್ಟೋ ಕೆರೆ ಕಾಲುವೆಗಳಲ್ಲಿ ಬಲೆ ಬೀಸಿದರೆ ಈಗ ಅದೇ ಬರುತ್ತಿದೆ, ಮುಳ್ಳಿಗೆ ಬಲೆಯೂ ಹರಿಯುತ್ತಿದೆ. ಇನ್ನೂ ಎರಡು ಅಂಗಡಿ ಸುತ್ತಿ. ದುಡ್ಡು ಕೇಳಬೇಡಿ, ಸುಮ್ನೆ ಕೊಟ್ಟು ಬನ್ನಿ.