ಸಹಿ ಹಾಕುವ ಮುಂಚೆ ಬಂದವರು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆ) 11 ವರ್ಷ ದುಡಿದವರೊಬ್ಬರು. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಸ್ವಲ್ಪ ಹೊತ್ತಾದ ಮೇಲೆ ಊಟದ ಡಬ್ಬಿಯ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದರು. ಕಂಪನಿಯವರೇ ಟೈಪ್ ಮಾಡಿಕೊಟ್ಟ ರಾಜೀನಾಮೆ. ‘ಸ್ವಂತ ಇಚ್ಛೆಯಿಂದ’ ಅಂತಿತ್ತು. ಸಹಿಯ ಜಾಗ ಖಾಲಿ.

“ಆರ್ಡರ್ ಇಲ್ಲ, ನೀನ ಬಿಟ್ಟು ಹೋಗು, ಇಲ್ಲಂದ್ರ ಡಿಸ್ಮಿಸ್ ಮಾಡ್ತೀವಿ, ಒಂದ್ ರೂಪಾಯಿನೂ ಸಿಗಂಗಿಲ್ಲ ಅಂದಾರ್ರೀ ಮೇಡಂ. ಹತ್ತು ದಿನ ಆತು, ಗೇಟ್ ಒಳಗ ಬಿಡವಲ್ರು. ಮನ್ಯಾಗ ಹೇಳಿಲ್ಲ.”

ದಿನಾ ಎಂಟಕ್ಕೆ ಡಬ್ಬಿ ಹಿಡಿದು ಹೊರಡುತ್ತಿದ್ದರು. ಕೋಟೆ ಕೆರೆ ದಂಡೆಯಲ್ಲಿ ಕೂತು, ಹನ್ನೊಂದಕ್ಕೇ ರೊಟ್ಟಿ ತಿಂದು ಮುಗಿಸಿ, ಸಂಜೆ ಮನೆಗೆ.

ಹಣಕ್ಕಿಂತ ಜಾಸ್ತಿ ಅವರನ್ನು ಚುಚ್ಚಿದ್ದು ‘ತೆಗೆದುಹಾಕಿದರು’ ಅನ್ನೋ ಮಾತು. ನಾನೇ ಬಿಟ್ಟೆ ಅಂದರೆ ಬೀಗರ ಮುಂದೆ ಮಾನ ಉಳಿಯುತ್ತೆ, ಅಲ್ವಾ? ಅದನ್ನು ನಾನು ತಳ್ಳಿಹಾಕಲಿಲ್ಲ. ಲೆಕ್ಕ ಹಾಕೋಣ ಅಂದೆ.

ಐದು ವರ್ಷ ದಾಟಿದವರು ತಾವೇ ಬಿಟ್ಟರೂ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡಬೇಕಾದ ಹಣ, ಬರುತ್ತದೆ. ಇವರ ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 18,200. ತಿಂಗಳ ಕೆಲಸದ ದಿನ ಅಂತ 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದ ಸಂಬಳ ಅಂತ 15ರಿಂದಲೂ, ದುಡಿದ ವರ್ಷ 11ರಿಂದಲೂ ಗುಣಿಸಿದರೆ 1,15,500 ರೂಪಾಯಿ. ಡಿಸ್ಮಿಸ್ ಆದರೂ ಅದನ್ನು ಸುಮ್ನೆ ಮುರಿದುಕೊಳ್ಳೋಕೆ ಆಗಲ್ಲ. ಹೊಡೆದಾಟ, ಕಳ್ಳತನದಂಥ ಕಾರಣ ಬೇಕು. ನಷ್ಟ ಮಾಡಿದ್ದರೆ ಆ ನಷ್ಟದಷ್ಟು. ಪಿಎಫ್ ಅಂತೂ ಅವರದೇ ದುಡ್ಡು. ಇನ್ನು ಡಿಸ್ಮಿಸ್ ಮಾಡೋಕೆ ಆರೋಪಪತ್ರ, ವಿಚಾರಣೆ ಆಗಬೇಕು. ಇವರಿಗೆ ಒಂದು ಮೆಮೊ ಕೂಡ ಬಂದಿರಲಿಲ್ಲ!

ಆರ್ಡರ್ ಇಲ್ಲ ಅಂತ ಕಾರ್ಮಿಕರನ್ನು ತೆಗೆಯೋದು ಬೇರೆಯೇ ಲೆಕ್ಕ. ಕನಿಷ್ಠ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಇವರ ಸಹಿಯಿಂದ ಕಂಪನಿಗೆ ಉಳಿಯೋದು ಆ ದುಡ್ಡೇ. ಸಹಿ ಹಾಕಿದ ಮೇಲೆ, ಬಲವಂತ ಮಾಡಿದರು ಅಂತ ಸಾಬೀತು ಮಾಡೋ ಹೊರೆಯೂ ಇವರ ತಲೆಗೇ.

ನನಗೆ ಹೆದರಿಕೆ ಹುಟ್ಟಿಸಿದ್ದು ಮಾತ್ರ ಆ ಕೆರೆ ದಂಡೆ. ಹೇಳದೆ ಕೆಲಸ ಬಿಟ್ಟ ಅಂತ ನಾಳೆ ಕಾಗದ ಬಂದರೆ? ದಿನಾ ಶಿಫ್ಟ್ ಹೊತ್ತಿಗೆ ಗೇಟಿಗೆ ಹೋಗಿ ಅಂದೆ. ‘ಕೆಲಸಕ್ಕೆ ತಯಾರಿದ್ದೇನೆ, ಒಳಗೆ ಬಿಡುತ್ತಿಲ್ಲ’ ಅಂತ ಎರಡು ಸಾಲು ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ನಕಲು ಹಿಡಿದು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಬಿಡಬೇಕು ಅನಿಸಿದರೆ ಬಿಡಿ, ಆದರೆ ಎಷ್ಟು ಕೊಡ್ತಾರೆ ಅನ್ನೋದು ಬರಹದಲ್ಲಿ ಬಂದ ಮೇಲೆ. ಇದೆಲ್ಲಕ್ಕಿಂತ ಮುಂಚೆ, ಇವತ್ತು ರಾತ್ರಿಯೇ ಮನೆಯವರಿಗೆ ಹೇಳಿ.

ಮುಂದಿನ ವಾರ ಹೆಂಡತಿಯನ್ನೂ ಕರೆದುಕೊಂಡು ಬಂದರು. ಆಕೆಗೆ ಮೊದಲೇ ಗೊತ್ತಿತ್ತಂತೆ.

“ಅಂಗಿಗೆ ಆಯಿಲ್ ವಾಸನೀನ ಇರಲಿಲ್ಲ. ತೊಳಿಯಾಕಿ ನಾನಲ್ಲೇನ್ರೀ?”